ಬೋರಲು ತಟ್ಟೆ, ಕೆಂಪು ಚುಕ್ಕೆ

ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ಬೋರಲು ಹಾಕಿದರೆ ದೊಡ್ಡ ಸದ್ದೇನೂ ಆಗುವುದಿಲ್ಲ. ಒಂದು ಸಲ ಠಣ್ ಎನ್ನುತ್ತದೆ, ಅಂಚು ಒಂದೆರಡು ಸುತ್ತು ಅಲುಗಾಡುತ್ತದೆ, ಸುಮ್ಮನಾಗುತ್ತದೆ. ಆದರೂ ರಾಮನಗರದ ನನ್ನ ಅಂಗಡಿಯ ಹಿಂದುಗಡೆ ಹೋಟೆಲಿನವರು ತಟ್ಟೆ ತೊಳೆದು ಬೋರಲು ಹಾಕಲು ಶುರುಮಾಡಿದರೆ ನನ್ನ ಕೈಯಲ್ಲಿನ ಸ್ಕ್ರೂಡ್ರೈವರ್ ಇವತ್ತಿಗೂ ನಿಂತುಬಿಡುತ್ತದೆ. ಯಾರು ಉಣ್ಣಲಿಲ್ಲ? ಯಾರು ತಪ್ಪು ಮಾಡಿದರು? ನಾನೇ ಇರಬೇಕು. ಆಮೇಲೆ, ಥೂ, ಎಷ್ಟು ವಯಸ್ಸಾಯಿತು ನಿನಗೆ ಎಂದು ನನ್ನನ್ನು ನಾನೇ ಬೈದುಕೊಂಡು ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುತ್ತೇನೆ. ಎದುರಿಗೆ ಯಾವುದೋ ಊರಿನಿಂದ ಪಾರ್ಸೆಲ್ಲಿನಲ್ಲಿ ಬಂದ, ರಿಮೋಟಿನಲ್ಲಿ ಓಡುವ ಆಟದ ಟ್ರಕ್ಕು ನಾಲ್ಕು ಚಕ್ರ ಮೇಲೆ ಮಾಡಿಕೊಂಡು ಮಲಗಿರುತ್ತದೆ. ಚಕ್ರ ಹಿಡಿದಿರುವ ಅದರ ಯಾವುದೋ ಒಂದು ಕೈ ಮುರಿದಿರುತ್ತದೆ.

ಹೊಂಗನೂರಿನ ನಮ್ಮ ಮನೆಯಲ್ಲಿ ಮನುಷ್ಯರಿಗಿದ್ದ ಜಾಗ ಕಡಿಮೆ. ಜಗುಲಿ ಹತ್ತಿ ಒಳಗೆ ಬಂದರೆ ಎಡಕ್ಕೆ ಅಪ್ಪ ಮರ ಕಡೆಯುವ ಲೇತು, ಬಲಕ್ಕೆ ರೇಷ್ಮೆ ಹುಳುವಿನ ಕೋಣೆ, ಎರಡರ ನಡುವೆ ಉಳಿದ ಓಣಿಯಂಥ ಜಾಗದಲ್ಲಿ ನಾವು. ಅಲ್ಲೇ ಊಟ, ಅಲ್ಲೇ ನನ್ನ ಓದು, ಅಲ್ಲೇ ಹಾಸಿಗೆ. ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ನಮ್ಮದು ಬೇಸಾಯದ ಮನೆತನ. ಅಪ್ಪ ಮಾತ್ರ ಚಿಕ್ಕಂದಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುವುದನ್ನು ಕಲಿತು ಬಂದವನು. ತಮ್ಮ ಪುಟ್ಟಸ್ವಾಮಿಗೂ, ಅಂದರೆ ನನ್ನ ಚಿಕ್ಕಪ್ಪನಿಗೂ, ಅವನೇ ಕಲಿಸಿದ್ದ. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಅರಗು ಬಿಸಿಗೆ ಕರಗಿ ಮರಕ್ಕೆ ಹಿಡಿಯುತ್ತದೆ; ಮೇಲೆ ಕೇದಗೆ ಗರಿ ಒತ್ತಿದರೆ ಹೊಳಪು ಬರುತ್ತದೆ. ನನ್ನ ತೊಟ್ಟಿಲಿನ ಮೇಲೆ ತೂಗುತ್ತಿದ್ದುದೂ ಅಪ್ಪ ಕಡೆದ ಗಿಲಕಿಯೇ ಅಂತೆ. ಹುಳುವಿನ ಕೋಣೆ ಅವ್ವ ಮತ್ತು ಅಜ್ಜಿಯ ರಾಜ್ಯ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಹಿಪ್ಪುನೇರಳೆ ಸೊಪ್ಪು ಮುಕ್ಕುವ ದಿನಗಳಲ್ಲಿ ಮನೆಯೊಳಗೆ ಊದುಬತ್ತಿ ಇಲ್ಲ, ಒಗ್ಗರಣೆ ಇಲ್ಲ, ತಲೆಗೆ ವಾಸನೆ ಎಣ್ಣೆ ಇಲ್ಲ. ಲೇತೂ ಬಂದ್. ಅರಗಿನ ಹೊಗೆ ಹುಳುವಿಗೆ ಆಗುವುದಿಲ್ಲ ಎಂದು ಅಜ್ಜಿ ಲೇತಿನ ಮೇಲೆ ಗೋಣಿಚೀಲ ಹೊದಿಸಿಬಿಡುತ್ತಿದ್ದಳು.

ಅಪ್ಪ ಯಾರಿಗೂ ಹೊಡೆಯುತ್ತಿರಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವನಿಗೆ ಸಿಟ್ಟು ಬಂದರೆ ಊಟಕ್ಕೆ ಕೂತು, ಅವ್ವ ಮುದ್ದೆ ಇಕ್ಕುವ ಮೊದಲು, ಮುಂದಿದ್ದ ತಟ್ಟೆಯನ್ನು ಬೋರಲು ಹಾಕಿ ಎದ್ದು ಹೋಗುತ್ತಿದ್ದ. ಒಂದು ಮಾತೂ ಇಲ್ಲ. ನಮ್ಮ ಮನೆಯಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುವ ಪದ್ಧತಿ. ಅಪ್ಪ ಉಣ್ಣದಿದ್ದರೆ ಅವ್ವ ಉಣ್ಣಳು, ಹೆತ್ತ ಮಗ ಹಸಿದಿರುವಾಗ ಅಜ್ಜಿಯ ಗಂಟಲಲ್ಲಿ ಇಳಿಯದು. ನನಗೆ ಮಾತ್ರ ಅವ್ವ ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ಇಕ್ಕುತ್ತಿದ್ದಳು. ಇಬ್ಬರು ಹಸಿದ ಹೆಂಗಸರು ನೋಡುತ್ತಿರುವಾಗ, ತಪ್ಪು ಮಾಡಿದವಳು ನಾನೇ ಆಗಿ, ಬಿಸಿ ಮುದ್ದೆಯನ್ನು ಉಪ್ಪುಸಾರಲ್ಲಿ ಅದ್ದಿ ನುಂಗುವುದು ಅಂದರೆ ಏನು ಎಂದು ಅನುಭವಿಸಿದವರಿಗೇ ಗೊತ್ತು. ಏಟಾದರೆ ನನ್ನೊಬ್ಬಳ ಬೆನ್ನಿಗೆ ಬೀಳುತ್ತಿತ್ತು. ತಟ್ಟೆ ಇಡೀ ಮನೆಗೇ ಬೀಳುತ್ತಿತ್ತು.

ಎಲ್ಲಕ್ಕಿಂತ ದೊಡ್ಡದಾಗಿ ಆ ತಟ್ಟೆ ಬಿದ್ದದ್ದು ಚಿಕ್ಕಪ್ಪನ ಮೇಲೆ. ನಾನಾಗ ನಾಲ್ಕನೇ ಕ್ಲಾಸು. ಚಿಕ್ಕಪ್ಪ ಕಡೆದ ಒಂದು ಗಿಲಕಿಯ ಮರದಲ್ಲಿ ಬಿರುಕು ಬಂದಿತ್ತು. ಅವನು ಬಿರುಕಿಗೆ ಕೆಂಪು ಅರಗು ತುಂಬಿ, ಮೇಲೆ ಕೆಂಪು ಪಟ್ಟಿ ಎಳೆದು, ಗರಿ ಒತ್ತಿ ಹೊಳಪು ಕೊಟ್ಟು ಬುಟ್ಟಿಗೆ ಹಾಕಿದ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಬುಟ್ಟಿಯಿಂದ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದವನು ಅದೊಂದನ್ನು ಪಕ್ಕಕ್ಕೆ ಇಟ್ಟ.

"ಕೂಸು ಬಾಯಿಗೆ ಹಾಕ್ಕೊಳೋದು ಕಣ್ಲಾ ಇದು. ಒಳಗೆ ಒಡೆದಿರೋದನ್ನ ಮೇಲೆ ಮುಚ್ಚಿದೀಯಲ್ಲ, ನಿನ್ನ ಕೈ ಸೇದೋಗ."

ಅಷ್ಟೇ ಅಂದದ್ದು. ಆಮೇಲೆ ತಟ್ಟೆ. ಎರಡು ದಿನ ತಟ್ಟೆ ಬೋರಲಾಗಿಯೇ ಇತ್ತು. ಮೂರನೆಯ ದಿನ ಅವ್ವ ತಲೆ ಸುತ್ತಿ ಹುಳುವಿನ ಕೋಣೆಯ ಬಾಗಿಲಲ್ಲಿ ಬಿದ್ದಾಗ ಚಿಕ್ಕಪ್ಪ ಬಟ್ಟೆ ಗಂಟು ಕಟ್ಟಿಕೊಂಡು, "ನಾನಿದ್ರೆ ತಾನೆ? ನೀವು ಉಣ್ಣಿ" ಎಂದು ಹೇಳಿ ಬಸ್ಸು ಹತ್ತಿದ. ಕನಕಪುರದಲ್ಲಿ ಯಾರದೋ ಅಂಗಡಿಯಲ್ಲಿ ಕುರ್ಚಿ ಕಾಲು ಕಡೆಯುತ್ತಿದ್ದಾನೆ ಎಂದು ಸುದ್ದಿ ಬಂತು. ಅಪ್ಪ ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಆ ಹೊತ್ತು ಊಟ ಮಾಡಿದ. ನನ್ನ ತಲೆಯಲ್ಲಿ ಒಂದು ವಿಷಯ ಮೊಳೆ ಹೊಡೆದ ಹಾಗೆ ಕೂತಿತು: ಒಡೆದದ್ದನ್ನು ಅರಗಿನಲ್ಲಿ ಮುಚ್ಚಿದವರಿಗೆ ಈ ಮನೆಯಲ್ಲಿ ಜಾಗವಿಲ್ಲ.

ಟ್ರಕ್ಕುಗಳು ನಮ್ಮ ಮನೆಗೆ ಬಂದದ್ದು ಅದಾದ ಮೇಲೆ. ಮೈಸೂರು ರಸ್ತೆಯಲ್ಲಿ ಅಪ್ಪನ ಬೊಂಬೆ ಮಾರುವ ಅಂಗಡಿಗೆ ಬೆಂಗಳೂರಿನ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದರಂತೆ. ಭಾನುವಾರ ಸ್ನೇಹಿತರ ಜೊತೆ ರಾಮನಗರದ ಬಂಡೆಗಳ ಕಡೆ ಬಂದು ರಿಮೋಟ್ ಟ್ರಕ್ಕು ಎಗರಿಸುವುದು ಅವರ ಹುಚ್ಚು. ಕೈಯಲ್ಲಿ ಮುರಿದ ಕರಿ ಪ್ಲಾಸ್ಟಿಕ್ಕಿನ ತುಂಡು ಹಿಡಿದುಕೊಂಡು, ಇದನ್ನು ಇಲ್ಲಿ ಯಾರಾದರೂ ಮಾಡಿಕೊಡುತ್ತಾರಾ, ಹೊರಗಡೆಯಿಂದ ತರಿಸಿದರೆ ತಿಂಗಳಾಗುತ್ತೆ ಎಂದರಂತೆ. ಅಂಗಡಿಯವನು ಅಪ್ಪನನ್ನು ತೋರಿಸಿದ. ಅಪ್ಪ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, ತಂದುಕೊಡಿ ನೋಡಣ ಎಂದ. ಟ್ರಕ್ಕಿನ ಹೊಟ್ಟೆಯಿಂದ ಒಂದೊಂದು ಚಕ್ರಕ್ಕೂ ಚಾಚಿಕೊಂಡಿರುವ ಚಪ್ಪಟೆ ತುಂಡದು. ಬುಡದಲ್ಲಿ ಒಂದು ಕಡ್ಡಿ ತೂರಿಸಿರುತ್ತಾರೆ. ಚಕ್ರ ಕಲ್ಲು ಹತ್ತಿದಾಗ ಮೇಲೆ ಏಳುತ್ತದೆ, ಇಳಿದಾಗ ಕೆಳಗೆ ಬರುತ್ತದೆ. ಡಾಕ್ಟರು ಅದನ್ನು ಸಸ್ಪೆನ್ಷನ್ ಆರ್ಮ್ ಎನ್ನುತ್ತಿದ್ದರು. ಅಪ್ಪ ಕೈ ಎಂದ. ಮುಂದಿನ ಎಡಗೈ, ಹಿಂದಿನ ಬಲಗೈ. ಡಾಕ್ಟರಿಂದ ಅವರ ಸ್ನೇಹಿತರಿಗೆ ಸುದ್ದಿ ಹೋಗಿ, ನಾನು ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಲೇತಿನ ಮೇಲಿನ ಗೋಡೆಯಲ್ಲಿ ಒಂದು ದಾರಕ್ಕೆ ಪೋಣಿಸಿದ ಮುರುಕು ಕೈಗಳ ಸಾಲೇ ತೂಗುತ್ತಿತ್ತು.

ಆ ಸಾಲನ್ನು ಓದುವುದನ್ನು ಅಪ್ಪ ನನಗೆ ಕಲಿಸಿದ. ಸಂಜೆ ಜಗುಲಿಯಲ್ಲಿ ಕೂತು ಒಂದೊಂದನ್ನೇ ಕೊಡುತ್ತಿದ್ದ. ಬುಡದಲ್ಲಿ ಹರಿದಿದ್ದರೆ ಮೇಲಿಂದ ಬಿದ್ದದ್ದು. ತುದಿಯಲ್ಲಿ ಹರಿದಿದ್ದರೆ ಚಕ್ರ ಎಲ್ಲೋ ಗುದ್ದಿದ್ದು. ಮುರಿದ ಬಾಯಿ ಬೆಳ್ಳಗಾಗಿದ್ದರೆ ಕೈ ಬಗ್ಗಿ ಬಗ್ಗಿ ಸುಸ್ತಾಗಿ ಮುರಿದದ್ದು. ಗಾಜಿನ ಹಾಗೆ ಚೂಪಾಗಿದ್ದರೆ ಬಿಸಿಲಲ್ಲಿ ಒಣಗಿ ಪೆಡಸಾಗಿದ್ದದ್ದು. ಲೇತಿಗೆ ಕೊಟ್ಟು ಎಡಗೈಯ ತೋರುಬೆರಳಿನ ತುದಿ ಕಳೆದುಕೊಂಡಿದ್ದ ಅಪ್ಪ ಬೆರಳಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಿದ್ದ. ಎರಡು ಕಂಪನಿಯ ಎರಡು ಕೈಗಳನ್ನು ಕಿವಿಯ ಪಕ್ಕ ಹಿಡಿದು ಮೆಲ್ಲಗೆ ಬಗ್ಗಿಸಿ, "ಇದು ಮಾತಾಡ್ತದೆ, ಇದು ಮಾತಾಡಕಿಲ್ಲ. ಯಾವುದು ವಾಸಿ?" ಎಂದು ಕೇಳುತ್ತಿದ್ದ. ಬಗ್ಗುವಾಗ ಚಿಟಿ ಚಿಟಿ ಅನ್ನುವುದು ಒಳಗೆ ಬಿರಿಯುತ್ತಿದೆ ಎಂದರ್ಥ. ಮಾತಾಡದಿರುವುದೇ ವಾಸಿ. ಪೆಡಸಾದವನ್ನು ನೀರಲ್ಲಿ ಕುದಿಸಿದರೆ ಮೆತ್ತಗಾಗುತ್ತವೆ ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಅನ್ನದ ತಪ್ಪಲೆಯಲ್ಲೇ ಕುದಿಸಿದ. ಅಜ್ಜಿ ಇಣುಕಿ ನೋಡಿ ಕೂಗಾಡಿದಳು.

"ಅಯ್ಯೋ ಶಿವನೇ! ಯಾರು ಉಣ್ಣಕ್ಲಾ ಈ ಸಾರು? ನಿನ್ನ ಡಾಕ್ಟ್ರಾ?"

ಒಮ್ಮೆ ಡಾಕ್ಟರು ಮುರಿಯುವ ಗೋಳೇ ಬೇಡವೆಂದು ನಾಲ್ಕೂ ಕಡೆ ಅಲ್ಯೂಮಿನಿಯಂ ಕೈ ಹಾಕಿಸಿದರು. ಫಳಫಳ ಹೊಳೆಯುತ್ತಿದ್ದವು. ಎರಡೇ ವಾರಕ್ಕೆ ಟ್ರಕ್ಕು ವಾಪಸ್ಸು ಬಂತು. ಕೈಗೆ ಒಂದು ಗೀರೂ ಇರಲಿಲ್ಲ. ಒಳಗೆ ಗೇರು ಪೆಟ್ಟಿಗೆಯೇ ಸೀಳಿಹೋಗಿತ್ತು. ಅಪ್ಪ ಅದನ್ನು ಬಿಚ್ಚಿ ನನ್ನ ಮುಂದಿಟ್ಟ.

"ನೋಡವ್ವ ಭಾಗ್ಯ. ಕೈ ಬಗ್ಗಬೇಕು. ಬಗ್ಗಕ್ಕಾಗದೇ ಇದ್ರೆ ಮುರೀಬೇಕು. ಎರಡೂ ಮಾಡ್ದೆ ಗಟ್ಟಿಯಾಗಿ ನಿಂತ್ಕೊಂಡ್ರೆ ಏಟು ಸೀದಾ ಹೊಟ್ಟೆಗೆ ಹೋಯ್ತದೆ."

ಮುರಿದ ಕೈಯನ್ನು ಅಪ್ಪ ಹೊಲಿಯುತ್ತಿದ್ದ. ಬಿರುಕಿನ ಎರಡೂ ಬದಿ ಸಣ್ಣ ತೂತು ಕೊರೆದು, ತೆಳು ತಂತಿ ಹಾಯಿಸಿ, ಕಾದ ಕಬ್ಬಿಣದ ಕಡ್ಡಿಯಿಂದ ಪ್ಲಾಸ್ಟಿಕ್ಕು ಕರಗಿಸಿ ತಂತಿಯನ್ನು ಒಳಗೆ ಹೂಳುತ್ತಿದ್ದ. ಉಜ್ಜಿ ನಯ ಮಾಡಿದ ಮೇಲೆ ಎಲ್ಲಿ ಮುರಿದಿತ್ತೆಂದು ಹುಡುಕಬೇಕಾಗುತ್ತಿತ್ತು. ಆಗ ಕೆಂಪು ಅರಗಿನ ಕಡ್ಡಿಯ ತುದಿ ಬಿಸಿ ಮಾಡಿ ಸರಿಯಾಗಿ ಮುರಿದ ಜಾಗದ ಮೇಲೇ ಒಂದು ಚುಕ್ಕೆ ಇಡುತ್ತಿದ್ದ. ಇಷ್ಟು ಚೆನ್ನಾಗಿ ಮುಚ್ಚಿದ್ದೀರಿ, ಮತ್ತೆ ಯಾಕೆ ತೋರಿಸುತ್ತೀರಿ ಎಂದು ಡಾಕ್ಟರು ನಕ್ಕಿದ್ದರು. ಹೊಲಿದದ್ದು ಹೊಲಿದದ್ದೇ ಸಾರ್, ಓಡಿಸೋರಿಗೆ ಗೊತ್ತಿರಬೇಕು ಎಂದು ಅಪ್ಪ ಹೇಳಿದ್ದ. ನಮ್ಮ ಮನೆಯಿಂದ ಚುಕ್ಕೆ ಇಲ್ಲದೆ ಹೋದ ಕೈ ಅಂದರೆ ಎಂದೂ ಮುರಿಯದ ಕೈ.

ನಾನು ಏಳನೇ ಕ್ಲಾಸಿನಲ್ಲಿದ್ದಾಗಿನ ಒಂದು ಶುಕ್ರವಾರ, ಡಾಕ್ಟರ ದೊಡ್ಡ ಟ್ರಕ್ಕು ರಿಪೇರಿಯಾಗಿ ಜಗುಲಿಯ ಮೂಲೆಯಲ್ಲಿ ಕೂತಿತ್ತು. ಹಿಂದಿನ ಬಲಗೈಗೆ ಹೊಲಿಗೆ ಬಿದ್ದು ಚುಕ್ಕೆಯೂ ಬಿದ್ದಿತ್ತು. ಉಳಿದ ಮೂರು ಹೊಸದಿದ್ದ ಹಾಗೇ ಇದ್ದವು. ಭಾನುವಾರ ಅವರು ಬಂದು ಒಯ್ಯುವುದಿತ್ತು. ಅಪ್ಪ ಹಾಲೆ ಮರ ನೋಡಲು ಬೆಳಿಗ್ಗೆಯೇ ಮಾಗಡಿ ಕಡೆ ಹೋಗಿದ್ದ. ಅವ್ವ, ಅಜ್ಜಿ ಸೊಪ್ಪು ತರಲು ತೋಟಕ್ಕೆ ಹೋಗಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟಲು ನಾಲ್ಕೇ ದಿನ ಇತ್ತು. ನನಗೆ ಶಾಲೆಗೆ ರಜ. ಟ್ರಕ್ಕು ಓಡಿಸುವುದು ಅಪ್ಪನೊಬ್ಬನೇ, ಅದೂ ಹಿತ್ತಲಲ್ಲಿ ಇಟ್ಟಿದ್ದ ಮೂರು ಕಲ್ಲುಗಳ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸಿ ನೋಡುವಷ್ಟೇ. ಆದರೆ ಮುರಿದ ಕೈಗಳನ್ನೇ ನೋಡಿ ನೋಡಿ ನನಗೊಂದು ಆಸೆ ಹುಟ್ಟಿತ್ತು. ಮೇಲಿಂದ ಬಿದ್ದಾಗ ಕೈ ನಿಜವಾಗಿ ಬಗ್ಗುವುದನ್ನು ಒಂದೇ ಒಂದು ಸಲ ಕಣ್ಣಾರೆ ನೋಡಬೇಕು. ಹಾಳಾದ ಆಸೆ. ಸೊಪ್ಪಿನ ಮಂಕರಿ ಕವುಚಿ ಹಾಕಿ, ಅದಕ್ಕೆ ಹಲಗೆ ಒರಗಿಸಿ, ರಿಮೋಟಿನ ಗುಂಡಿ ಒತ್ತಿದೆ.

ಒಂದು ಸಲ ಎಗರಿತು. ನಾಲ್ಕೂ ಕೈ ಬಗ್ಗಿ ಮತ್ತೆ ಎದ್ದು ನಿಂತಿತು. ಅಯ್ಯೋ, ಎಷ್ಟು ಚೆಂದ! ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಅಧ್ಯಾಯ ಬರೆಯುತ್ತಿರಲಿಲ್ಲ. ಎರಡನೆಯ ಸಲ ಗುಂಡಿ ಜೋರಾಗಿ ಒತ್ತಿದೆ. ಟ್ರಕ್ಕು ಹಲಗೆಯಿಂದ ಓರೆಯಾಗಿ ಹಾರಿ ದನಗಳ ಕಲ್ಲುಬಾನಿಗೆ ಮುಂದಿನ ಎಡಚಕ್ರವನ್ನು ಗುದ್ದಿಕೊಂಡು ಮಗುಚಿಬಿತ್ತು. ಚಕ್ರ ಒಂದು ಕಡೆ ವಾಲಿತ್ತು. ಮುಂದಿನ ಎಡಗೈ ತುದಿಯ ಹತ್ತಿರ ಎರಡು ತುಂಡು. ಮೊದಲು ಕಣ್ಣ ಮುಂದೆ ಬಂದದ್ದು ಡಾಕ್ಟರಲ್ಲ, ಅಪ್ಪನೂ ಅಲ್ಲ. ಹುಳುವಿನ ಕೋಣೆಯ ಬಾಗಿಲಲ್ಲಿ ಬಿದ್ದಿದ್ದ ಅವ್ವ. ಆಮೇಲೆ ಬಟ್ಟೆ ಗಂಟು ಹಿಡಿದ ಚಿಕ್ಕಪ್ಪ. ಅವನಿಗಾದರೂ ಕೆಲಸ ಗೊತ್ತಿತ್ತು. ನನ್ನನ್ನು ಕಳಿಸಿದರೆ ನಾನು ಎಲ್ಲಿಗೆ ಹೋಗಲಿ?

ಹೊಲಿಯುವುದು ನನಗೆ ಗೊತ್ತಿತ್ತು, ನೋಡಿ ನೋಡಿ. ಆದರೆ ಡ್ರಿಲ್ ಮುಟ್ಟಲು ಧೈರ್ಯ ಬರಲಿಲ್ಲ. ಅದರ ಸೂಜಿ ಮುರಿದರೆ ಎರಡು ತಪ್ಪು. ಅರಗು ಗೊತ್ತಿತ್ತು. ಬೊಂಬೆಗಳ ಕಣ್ಣಿಗೆಂದು ಇಟ್ಟಿದ್ದ ಕರಿ ಅರಗಿನ ಕಡ್ಡಿ ತಂದೆ. ಹಿತ್ತಲ ಒಲೆಯಲ್ಲಿ ಇನ್ನೂ ಕೆಂಡವಿತ್ತು. ಗಾಳಿ ಹುಳುವಿನ ಕೋಣೆಯ ಕಡೆ ಬೀಸುತ್ತಿದೆಯಾ ಎಂದು ಕೈ ಎತ್ತಿ ನೋಡಿಕೊಂಡು, ಹೊಗೆಗೆ ಲಂಗವನ್ನೇ ಅಡ್ಡ ಹಿಡಿದು, ಅರಗು ಕರಗಿಸಿ ಎರಡೂ ತುಂಡಿನ ಬಾಯಿಗೆ ಹಚ್ಚಿ ಒತ್ತಿ ಹಿಡಿದೆ. ಬೆರಳು ಸುಟ್ಟಿತು. ಆರಿದ ಮೇಲೆ ಚೂರಿಯಿಂದ ಹೆರೆದು ಕೇದಗೆ ಗರಿ ಉಜ್ಜಿದೆ. ಕರಿಗೆ ಕರಿ ಸೇರಿಕೊಂಡಿತು. ನನ್ನ ಕಣ್ಣಿಗೇ ಎಲ್ಲಿ ಮುರಿದಿತ್ತೆಂದು ಕಾಣಲಿಲ್ಲ. ನನಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಅಪ್ಪ ಮೂರು ವರ್ಷದ ಹಿಂದೆ ಯಾವ ಕೆಲಸಕ್ಕೆ ತಮ್ಮನನ್ನೇ ಬಿಟ್ಟುಬಿಟ್ಟನೋ ಅದೇ ಕೆಲಸವನ್ನು ನಾನು ಚಿಕ್ಕಪ್ಪನಿಗಿಂತ ಚೆನ್ನಾಗಿ ಮಾಡಿದ್ದೆ.

ತೋಟದಿಂದ ಬಂದ ಅಜ್ಜಿ ಸೊಪ್ಪಿನ ಮೂಟೆ ಇಳಿಸಿ ನನ್ನ ಪಕ್ಕ ಹಾದುಹೋಗುವಾಗ ನಿಂತಳು. ನನ್ನ ತಲೆಗೂದಲನ್ನು ಮೂಸಿ ನೋಡಿದಳು. ಲೇತಿನ ಮೇಲಿದ್ದ ಗೋಣಿಚೀಲದ ಕಡೆ ನೋಡಿದಳು. ನನ್ನ ಸುಟ್ಟ ಬೆರಳನ್ನೂ ನೋಡಿದಳು.

"ಹೋಗು, ತಲೆಗೆ ನೀರು ಹಾಕ್ಕೊಂಡು ಬಾ. ನಿಮ್ಮಪ್ಪ ಬರೋ ಹೊತ್ತಾಯ್ತು."

ಬೇರೆ ಏನನ್ನೂ ಕೇಳಲಿಲ್ಲ. ಅವಳಿಗೂ ತಟ್ಟೆಯ ಭಯ ಎಂದು ಆಗ ನನಗೆ ಹೊಳೆಯಲಿಲ್ಲ. ಶನಿವಾರವೆಲ್ಲ ನಾನು ಟ್ರಕ್ಕಿನ ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ. ಅಪ್ಪ ಜಗುಲಿಗೆ ಬಂದರೆ ಒಳಗೆ ಓಡುತ್ತಿದ್ದೆ. ಡಾಕ್ಟರು ಬೇಗ ಬಂದು ಒಯ್ದುಬಿಡಲಿ ಎಂದು ಒಂದು ಗಳಿಗೆ ಬೇಡಿಕೊಳ್ಳುತ್ತಿದ್ದೆ. ಮರುಗಳಿಗೆಗೆ, ಒಯ್ದು ಬಂಡೆಯ ಮೇಲಿಂದ ಎಗರಿಸಿದಾಗ ಚಕ್ರ ಕಿತ್ತು ಯಾರದೋ ಮುಖಕ್ಕೆ ಬಡಿದರೆ ಎಂದು ಹೆದರುತ್ತಿದ್ದೆ. ಬಿಸಿಲಿಗೆ ಕಾದ ಬಂಡೆ. ಅರಗು ಬಿಸಿಗೆ ಮೆತ್ತಗಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆರಳಿನ ಬೊಬ್ಬೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೇ ಊಟ, ಮುಚ್ಚಿಕೊಂಡೇ ನಿದ್ದೆ.

ಭಾನುವಾರ ಬೆಳಿಗ್ಗೆ ಅಪ್ಪ ಟ್ರಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಸಲ ನೋಡಲು ಕೂತ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹಿಂದಿನ ಬಲಗೈ ಬಗ್ಗಿಸಿದ, ಕಿವಿ ಕೊಟ್ಟ. ಹಿಂದಿನ ಎಡಗೈ. ಮುಂದಿನ ಬಲಗೈ. ಮುಂದಿನ ಎಡಗೈ ಬಗ್ಗಿಸಿದವನು ಅಲ್ಲೇ ನಿಂತ. ಇನ್ನೊಂದು ಸಲ ಬಗ್ಗಿಸಿದ. ಬಾಗಿಲ ಹಿಂದಿನ ನನಗೂ ಕೇಳಿಸಿತು, ಚಿಟಿ. ಅಪ್ಪ ಅದನ್ನು ಮೂಗಿನ ಹತ್ತಿರ ತಂದ. ಉಗುರಿನಿಂದ ಕೆರೆದ. ಕರಿ ಹುಡಿ ಉದುರಿತು. ಟ್ರಕ್ಕನ್ನು ಪಕ್ಕಕ್ಕೆ ಇಟ್ಟು, ತಲೆ ಎತ್ತದೆ ಅವ್ವನಿಗೆ ಹೇಳಿದ.

"ಊಟಕ್ಕೆ ಇಕ್ಕು."

ಅವ್ವನಿಗೆ ಏನೂ ಗೊತ್ತಿರಲಿಲ್ಲ. ತಟ್ಟೆ ತಂದು ಇಟ್ಟು ಮುದ್ದೆ ತರಲು ಒಳಗೆ ಹೋದಳು. ಅಪ್ಪನ ಕೈ ತಟ್ಟೆಯ ಅಂಚಿಗೆ ಹೋಯಿತು. ತುದಿಯಿಲ್ಲದ ಆ ಬೆರಳು ಅಂಚಿನ ಕೆಳಗೆ ತೂರಿಕೊಂಡಿತು. ಹುಳುವಿನ ಕೋಣೆಯ ಬಾಗಿಲಲ್ಲಿ ಸೊಪ್ಪು ಹೆಚ್ಚುತ್ತಿದ್ದ ಅಜ್ಜಿ ಮಚ್ಚನ್ನು ಕೆಳಗಿಟ್ಟಳು. ತಟ್ಟೆ ಒಂದು ಕಡೆ ಎದ್ದಿತು, ಆದರೆ ಮಗುಚಲಿಲ್ಲ. ನಾನು ಬಾಗಿಲ ಹಿಂದಿನಿಂದ ಓಡಿ ಬಂದೆ.

"ನಾನು ಕಣಪ್ಪ. ನಾನೇ ಮುರಿದಿದ್ದು. ಎಗರಿಸಿದೆ."

"ಅರಗು?"

"ನಾನೇ ಹಚ್ಚಿದ್ದು."

"ಯಾಕೆ ಹೇಳ್ನಿಲ್ಲ? ನಾನು ನಿನಗೆ ಯಾವತ್ತಾದ್ರೂ ಹೊಡೆದಿದೀನಾ?"

"ಇಲ್ಲ. ತಟ್ಟೆಗೆ ಭಯ ಆಯ್ತು. ಚಿಕ್ಕಪ್ಪನ್ನ ಕಳಿಸ್ದಂಗೆ ನನ್ನೂ ಕಳಿಸ್ಬುಡ್ತೀಯ ಅಂತ."

ಅವ್ವ ಮುದ್ದೆಯ ತಪ್ಪಲೆ ಹಿಡಿದು ನಿಂತುಬಿಟ್ಟಳು. ಅಪ್ಪ ನನ್ನ ಮುಖ ನೋಡಿದ, ಎತ್ತಿದ್ದ ತಟ್ಟೆಯನ್ನು ನೋಡಿದ, ಅದನ್ನು ಮೆಲ್ಲಗೆ ನೆಲಕ್ಕೆ ಇಟ್ಟ. ನನ್ನ ಮುಷ್ಟಿ ಬಿಡಿಸಿ ಬೆರಳಿನ ಬೊಬ್ಬೆ ನೋಡಿದ. ಇಕ್ಕು ಎಂದು ಅವ್ವನಿಗೆ ಕೈಸನ್ನೆ ಮಾಡಿದ. ಆ ಬೆಳಿಗ್ಗೆ ಅವನು ಉಂಡದ್ದು ಅರ್ಧ ಮುದ್ದೆ, ಆದರೆ ಉಂಡ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅರಗನ್ನೆಲ್ಲ ಕೆರೆದು ತೆಗೆಸಿದ. ಡ್ರಿಲ್ಲನ್ನು ನನ್ನ ಕೈಗೆ ಕೊಟ್ಟು ಮೇಲೆ ತನ್ನ ಕೈ ಇಟ್ಟುಕೊಂಡ. ತೂತು ಕೊರೆದೆವು, ತಂತಿ ಹಾಯಿಸಿದೆವು, ಹೂತೆವು. ಕೊನೆಗೆ ಕೆಂಪು ಅರಗಿನ ಕಡ್ಡಿ ಕೊಟ್ಟು, ಚುಕ್ಕೆ ನೀನೇ ಇಡು ಎಂದ. ನಾನು ಇಟ್ಟ ಚುಕ್ಕೆ ದುಂಡಗೆ ಬರದೆ ಬಾಲ ಬಂದ ಗೊದಮೊಟ್ಟೆಯ ಹಾಗೆ ಬಂತು. ಅಪ್ಪ ಅದನ್ನು ಹಾಗೇ ಬಿಟ್ಟ.

ಡಾಕ್ಟರು ಬಂದಾಗ ಅವರ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಇದು ಚೆನ್ನಾಗಿತ್ತಲ್ಲ, ಇದಕ್ಕೇನಾಯ್ತು ಎಂದರು. ಅಪ್ಪ ನನ್ನ ಕಡೆ ನೋಡಿದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು, ನಾನು ಮುರಿದೆ ಸಾರ್ ಎಂದೆ. ಎರಡು ಸಲ ಹೇಳಬೇಕಾಯಿತು. ಡಾಕ್ಟರು ಗಹಗಹಿಸಿ ನಕ್ಕರು.

"ಅಷ್ಟೇನಾ! ನಾನು ವಾರಕ್ಕೊಂದು ಮುರೀತೀನಿ ಪುಟ್ಟಿ. ಮನೇಲಿ ಇನ್ನೂ ಎರಡು ಹೊಸದು ಇಟ್ಟಿದೀನಿ."

ಎರಡು ದಿನ ನಾನು ಸತ್ತು ಬದುಕಿದ್ದು ಅವರ ಮನೆಯಲ್ಲಿ ಎರಡೆರಡು ಬಿದ್ದಿರುವ ವಸ್ತುವಿಗೆ! ಅವರ ಕಾರು ಹೋದ ಮೇಲೆ ಅಳು ಬಂದದ್ದು ಭಯಕ್ಕಲ್ಲ, ಸಿಟ್ಟಿಗೆ. ಎಲ್ಲ ಮುಗಿಯಿತು ಎಂದುಕೊಂಡೆ.

ಮಧ್ಯಾಹ್ನ ಅಪ್ಪ ಉಂಡು ಜಗುಲಿಗೆ ಹೋದ. ಅವ್ವ ನಮ್ಮ ಮೂವರಿಗೂ ತಟ್ಟೆ ಇಟ್ಟಳು. ಅಜ್ಜಿ ಕೈ ತೊಳೆದು ಬಂದು, ಸೀರೆ ಒತ್ತಿಕೊಂಡು ಕೂತು, ತನ್ನ ತಟ್ಟೆಯನ್ನು ಎತ್ತಿ ಬೋರಲು ಹಾಕಿದಳು. ಠಣ್. ಅಂಚು ಎರಡು ಸುತ್ತು ಅಲುಗಾಡಿ ಸುಮ್ಮನಾಯಿತು. ಆ ಸದ್ದು ಅಪ್ಪ ಮಾಡಿದ್ದನ್ನು ಬಿಟ್ಟು ಬೇರೆ ಯಾರು ಮಾಡಿದ್ದನ್ನೂ ನಾನು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ. ಜಗುಲಿಯಿಂದ ಎದ್ದು ಬಂದ.

"ಇದೇನವ್ವ?"

"ಬಿರಿದಿದ್ದಕ್ಕೆ ಅರಗು ಮೆತ್ತಿದ್ಲು ನಿನ್ನ ಮಗಳು. ಅಲ್ವೇನ್ಲಾ?"

"ಅದಾಯ್ತಲ್ಲ. ಹೇಳಿದ್ಲು. ಬುಡು."

"ಬುಟ್ಟೆ. ನೀನೂ ಬುಟ್ಟೆ, ಒಳ್ಳೇದಾಯ್ತು. ಗಿಲಕಿಗೆ ಅರಗು ಮೆತ್ತಿದೋನು ಮೂರು ವರ್ಷದಿಂದ ಕನಕಪುರದಲ್ಲಿ ಯಾರ ಮನೆ ಕುರ್ಚಿಗೋ ಕಾಲು ಕಡೀತಾವ್ನೆ. ಮಗಳಿಗೊಂದು ನ್ಯಾಯ, ತಮ್ಮಂಗೊಂದು ನ್ಯಾಯನೇನ್ಲಾ ನಂಜ?"

ಅಜ್ಜಿ ಅವನನ್ನು ನೋಡಲಿಲ್ಲ. ಬೋರಲು ತಟ್ಟೆಯ ಬೆನ್ನಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು.

"ನನ್ನ ಕಿರಿ ಮಗ ಬಂದು ಇದನ್ನ ಎತ್ತೋಗಂಟ ನಾನು ಉಣ್ಣಕಿಲ್ಲ."

"ಅವ್ವ, ವಯಸ್ಸಾಗೈತೆ ನಿನಗೆ. ತಟ್ಟೆ ಎತ್ತವ್ವ. ನಾನು ಹೋಗಿ ಮಾತಾಡ್ತೀನಿ. ಒಸಿ ಉಣ್ಣು."

ಅಪ್ಪನ ಧ್ವನಿ ಹಾಗೆ ಸಣ್ಣದಾದದ್ದನ್ನು ನಾನು ಮೊದಲು ಕೇಳಿದ್ದು ಅವತ್ತು. ಅವನ ಮುಖ ಬಿಳಿಚಿಕೊಂಡಿತ್ತು. ಕಣ್ಣು ಅಜ್ಜಿಯ ಮುಖಕ್ಕೂ ತಟ್ಟೆಗೂ ಓಡಾಡುತ್ತಿತ್ತು. ಶುಕ್ರವಾರದಿಂದ ನಾನು ಹೊತ್ತು ತಿರುಗಿದ್ದ ಭಯವೇ ಅಲ್ಲಿ ಕೂತಿತ್ತು. ನನಗೆ ಅಯ್ಯೋ ಅನ್ನಿಸಿತು. ಒಂದು ಚೂರು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಜ್ಜಿ ಅಲ್ಲಾಡಲಿಲ್ಲ. ಅಪ್ಪ ಗೂಟಕ್ಕೆ ನೇತುಹಾಕಿದ್ದ ಅಂಗಿಯನ್ನು ತೆಗೆದು, ಗುಂಡಿ ಹಾಕಿಕೊಳ್ಳುತ್ತಲೇ, ಕನಕಪುರಕ್ಕೆ ಹೋಗಲು ಚನ್ನಪಟ್ಟಣದ ಬಸ್ಸು ಎಷ್ಟೊತ್ತಿಗೆ ಎಂದು ಯಾರನ್ನೋ ಕೇಳುತ್ತ ಬೀದಿಗಿಳಿದ.

ಅವ್ವನೂ ತನ್ನ ತಟ್ಟೆ ಸರಿಸಲು ಹೋದಳು. ಅಜ್ಜಿ ಅವಳ ಕೈ ಹಿಡಿದು ಗದರಿದಳು. "ನೀನ್ಯಾಕೆ ಉಪವಾಸ ಬೀಳ್ತೀಯಮ್ಮಿ? ಇದು ನನ್ನ ತಟ್ಟೆ, ನನ್ನ ಹೊಟ್ಟೆ. ನೀವು ಉಣ್ಣಿ." ಮನೆಯಲ್ಲಿ ಒಬ್ಬರು ಉಣ್ಣದಿರುವಾಗ ಅವ್ವ ಉಂಡದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಅವಳು ಅಳುತ್ತ ಉಂಡಳು, ಎರಡು ಸಲ ಸಾರು ಹಾಕಿಕೊಂಡು ಉಂಡಳು.

ಮಾರನೆಯ ದಿನ ಹೊತ್ತು ನೆತ್ತಿಗೆ ಬಂದಾಗ ಚಿಕ್ಕಪ್ಪ ಬಂದ. ತೆಳ್ಳಗಾಗಿದ್ದ. ಕೈಯಲ್ಲಿ ಅದೇ ಬಟ್ಟೆ ಗಂಟು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಯಾರನ್ನೂ ಮಾತಾಡಿಸದೆ ಸೀದಾ ಒಳಗೆ ಬಂದು, ನಿನ್ನೆಯಿಂದ ಅಲ್ಲೇ ಬಿದ್ದಿದ್ದ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಎರಡೂ ಕೈಯಿಂದ ಅದನ್ನು ಎತ್ತಿ, ಒಳಗಿನ ಧೂಳನ್ನು ಅಂಗಿಯ ಚುಂಗಿನಿಂದ ಒರೆಸಿ, ಮೇಲ್ಮುಖವಾಗಿ ಇಟ್ಟ. ಒಂದಿಷ್ಟೂ ಸದ್ದಾಗಲಿಲ್ಲ.

"ಇಕ್ಕು ಅತ್ತಿಗೆ, ಅವ್ವಂಗೆ."

ಅವ್ವ ಇಕ್ಕಿದಳು. ಅಜ್ಜಿ ಮುದ್ದೆ ಮುರಿದಳು. ನಾನು ಬಾಗಿಲ ಕಡೆ ನೋಡಿದೆ. ಚಿಕ್ಕಪ್ಪನ ಜೊತೆ ಬಂದ ಅಪ್ಪ ಇನ್ನೂ ಹೊಸಿಲಿನ ಆಚೆಯೇ, ಚಪ್ಪಲಿಯನ್ನೂ ಬಿಡದೆ, ಒಳಗೆ ಬರಬಹುದೋ ಬಾರದೋ ಎಂದು ಗೊತ್ತಾಗದವನ ಹಾಗೆ ನಿಂತಿದ್ದ. ಅಜ್ಜಿ ಮೊದಲ ತುತ್ತು ನುಂಗಿ, ತಲೆ ಎತ್ತಿ, ಎಡಗೈಯಿಂದ ತನ್ನ ಪಕ್ಕದ ನೆಲವನ್ನು ತಟ್ಟಿದಳು.

"ಬಾರ್ಲಾ ಒಳಕ್ಕೆ. ನೀನೂ ಉಂಡಿಲ್ಲ."